ರಜೆಯ ದಿನಗಳಲ್ಲಿ ಸಿದ್ಧಿವಿನಾಯಕ: ಸಾಲು, ದರ್ಶನ ಮತ್ತು ಊರಿಂದ ಬಂದ ಹಿರಿಯರು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪೂರ್ಣಪಾಠ)



ದೀಪಾವಳಿ, ಕ್ರಿಸ್‌ಮಸ್ ರಜೆ, ಹೊಸವರ್ಷ, ಆಮೇಲೆ ಮಕ್ಕಳ ಬೇಸಿಗೆ ರಜೆ. ಈ ದಿನಗಳು ಬಂದವೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಚಾಪೆ, ದಿಂಬು ಅಟ್ಟದಿಂದ ಕೆಳಗಿಳಿಯುತ್ತವೆ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಕಲಬುರಗಿ ಕಡೆಯವರು, ಬೆಂಗಳೂರು ಕಡೆಯವರು ಬಂದಿಳಿದರೆ, ಮತ್ಸ್ಯಗಂಧದಲ್ಲಿ ಮಂಗಳೂರು, ಉಡುಪಿ, ಕುಂದಾಪುರದವರು. ಒಂದು ಬೆಡ್‌ರೂಮಿನ ಮನೆಯಲ್ಲಿ ಎಂಟು ಜನ ಮಲಗುವುದು ಹೇಗೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದವರಲ್ಲಿ ಹುಡುಗರಿಗೆ ಸಮುದ್ರ ಬೇಕು, ಹೆಂಗಸರಿಗೆ ದಾದರಿನ ಸೀರೆ ಅಂಗಡಿ ಬೇಕು. ಆದರೆ ಮನೆಯ ಹಿರಿಯರು, ಅಜ್ಜಿಯೋ, ದೊಡ್ಡಪ್ಪನೋ, ಒಂದೇ ಒಂದು ಕೇಳುತ್ತಾರೆ: "ಮತ್ತೇನೂ ಬೇಡಪ್ಪಾ, ಸಿದ್ಧಿವಿನಾಯಕನ ದರ್ಶನ ಒಂದು ಮಾಡಿಸಿಬಿಡು."

ಈ ಮಾತಿಗೆ ಇಲ್ಲ ಎನ್ನುವ ಮಗ ಯಾರು, ಸೊಸೆ ಯಾರು? ಕಷ್ಟವೇನೆಂದರೆ, ನಮಗೆ ರಜೆ ಇರುವ ದಿನವೇ ಊರಿಗೆಲ್ಲ ರಜೆ. ನಾವು ಹೊರಡುವ ಹೊತ್ತಿಗೇ ಥಾಣೆ, ಪುಣೆ, ಸೂರತ್, ಇಂದೋರ್‌ಗಳಿಂದ ಬಂದವರೂ ಹೊರಟಿರುತ್ತಾರೆ. ಹೀಗಾಗಿ ಇಂದಿನ ಮಾತು, ಈ ದರ್ಶನವನ್ನು ಹಿರಿಯರಿಗೆ ಹೇಗೆ ಮಾಡಿಸುವುದು, ಸುಖವಾಗಿ ಹೋಗಿ ಸುಖವಾಗಿ ಮನೆಗೆ ಬರುವುದು ಹೇಗೆ ಎಂಬುದರ ಬಗ್ಗೆ. ಪುಣೆಯ ದಗಡೂಶೇಠ್ ಗಣಪತಿಗೆ ಹೋಗುವವರಿಗೂ, ಚೆನ್ನೈನಲ್ಲಿ ಜನವರಿ ಒಂದನೇ ತಾರೀಕು ಮೈಲಾಪುರದ ಕಪಾಲೀಶ್ವರನ ಮುಂದೆ ನಿಲ್ಲುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲು ಗುಡಿಯ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ಪ್ರಭಾದೇವಿಯ ಈ ಗುಡಿ ಪ್ರತಿಷ್ಠಾಪನೆಯಾದದ್ದು 1801ರ ನವೆಂಬರ್ 19ರಂದು. ಕಟ್ಟಿದವರು ಲಕ್ಷ್ಮಣ ವಿಠೂ. ಹಣ ಕೊಟ್ಟವರು ಮಾಟುಂಗಾದ ದೇವೂಬಾಯಿ ಪಾಟೀಲ್ ಎಂಬ ಅನುಕೂಲಸ್ಥ ಹೆಣ್ಣುಮಗಳು. ಆಕೆಗೆ ಮಕ್ಕಳಿರಲಿಲ್ಲ. ತನಗೆ ಆಗದಿದ್ದ ಭಾಗ್ಯ ಬೇರೆ ಹೆಣ್ಣುಮಕ್ಕಳಿಗೆ ಆಗಲಿ ಎಂಬ ಹರಕೆಯಿಂದ ಈ ಗುಡಿ ಕಟ್ಟಿಸಿದಳು ಎಂದು ಹೇಳುತ್ತಾರೆ. ಮಾಟುಂಗಾ ಎಂದರೆ ಇಂದು ನಮಗೆ ಮೈಸೂರು ಅಸೋಸಿಯೇಶನ್, ಫಿಲ್ಟರ್ ಕಾಫಿ, ಹೂವಿನ ಮಾಲೆ. ಆ ಕಾಲದಲ್ಲಿ ಅದೊಂದು ಹಳ್ಳಿ. ಅಲ್ಲಿನ ಒಬ್ಬ ಹೆಣ್ಣುಮಗಳ ಮನಸ್ಸಿನ ನೋವಿನಿಂದ ಹುಟ್ಟಿದ ಗುಡಿ ಇದು ಎಂಬುದನ್ನು ಸಾಲಿನಲ್ಲಿ ನಿಂತಾಗ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆಗ ಕಟ್ಟಿದ್ದು ಇಟ್ಟಿಗೆಯ ಚಿಕ್ಕ ಗುಡಿ. ಒಂದೊಂದು ಬದಿ ಹನ್ನೆರಡು ಅಡಿಯಷ್ಟು, ಅಷ್ಟೇ. ಮೂರ್ತಿಯೂ ದೊಡ್ಡದೇನಲ್ಲ. ಎರಡೂವರೆ ಅಡಿ ಎತ್ತರ, ಎರಡು ಅಡಿ ಅಗಲದ ಒಂದೇ ಕಪ್ಪು ಕಲ್ಲು. ನಾಲ್ಕು ಕೈಗಳಲ್ಲಿ ತಾವರೆ, ಕೊಡಲಿ, ಜಪಮಾಲೆ ಮತ್ತು ಮೋದಕದ ಬಟ್ಟಲು. ಎರಡೂ ಬದಿಗೆ ಸಿದ್ಧಿ, ಬುದ್ಧಿಯರು ಅಥವಾ ಇಲ್ಲಿಯವರು ಹೇಳುವಂತೆ ರಿದ್ಧಿ, ಸಿದ್ಧಿಯರು. ಸೊಂಡಿಲು ಬಲಕ್ಕೆ ತಿರುಗಿದೆ. ನಮ್ಮ ಕಡೆ ಬಲಮುರಿ ಗಣಪತಿ ಎನ್ನುತ್ತೇವಲ್ಲ, ಅದೇ. ಬಲಮುರಿಯ ಪೂಜೆಗೆ ಕಟ್ಟುನಿಟ್ಟು ಹೆಚ್ಚು ಎಂಬ ನಂಬಿಕೆ ಇಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ.

ಗುಡಿಯ ಆಡಳಿತಕ್ಕೆಂದೇ ಮಹಾರಾಷ್ಟ್ರ ಸರ್ಕಾರ 1980ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಇಂದು ನಾವು ನೋಡುವ ಹಲವು ಅಂತಸ್ತಿನ ಗೋಪುರದ ಕಟ್ಟಡ 1990ರ ದಶಕದ ಮೊದಲ ವರ್ಷಗಳಲ್ಲಿ ಎದ್ದದ್ದು. ಮರದ ಬಾಗಿಲುಗಳ ಮೇಲೆ ಅಷ್ಟವಿನಾಯಕರ ಕೆತ್ತನೆ ಇದೆ. ಕಟ್ಟಡ ಎಷ್ಟು ಎತ್ತರಕ್ಕೆ ಹೋದರೂ ಕೊನೆಗೆ ನಾವೆಲ್ಲ ನಿಂತು ನೋಡಬೇಕಾದದ್ದು ಆ ಎರಡೂವರೆ ಅಡಿಯ ಮೂರ್ತಿಯನ್ನು. ಇಡೀ ಸಮಸ್ಯೆಯ ಮೂಲ ಇಲ್ಲಿದೆ. ಅಂಗಳ ದೊಡ್ಡದು ಮಾಡಬಹುದು, ಸಾಲಿಗೆ ನೆರಳು ಕಟ್ಟಬಹುದು, ಫ್ಯಾನು ಹಾಕಬಹುದು. ಆದರೆ ದೇವರ ಎದುರಿನ ಆ ಜಾಗವನ್ನು ಅಗಲ ಮಾಡಲಾಗದು.

ಒಂದು ಚಿಕ್ಕ ಲೆಕ್ಕ ಹೇಳುತ್ತೇನೆ. ಇದು ನನ್ನ ಮನೆಲೆಕ್ಕ, ಗುಡಿಯವರು ಕೊಟ್ಟದ್ದಲ್ಲ. ಒಂದೇ ಸಾಲು ಇದೆ, ದೇವರ ಮುಂದೆ ಒಬ್ಬೊಬ್ಬರೂ ಎರಡು ಸೆಕೆಂಡ್ ನಿಲ್ಲುತ್ತಾರೆ ಎಂದುಕೊಳ್ಳಿ. ಒಂದು ನಿಮಿಷಕ್ಕೆ ಮೂವತ್ತು ಜನ, ಗಂಟೆಗೆ 1800 ಜನ. ನಿಮ್ಮ ಮುಂದೆ 5400 ಜನ ಇದ್ದರೆ ಮೂರು ಗಂಟೆ ಕಾಯಬೇಕು. ಈಗ ಅವರೆಲ್ಲ "ಇಷ್ಟು ದೂರದಿಂದ ಬಂದಿದ್ದೇವೆ, ಇನ್ನೊಂದೇ ಸೆಕೆಂಡ್" ಎಂದು ಮೂರು ಸೆಕೆಂಡ್ ನಿಂತರೆ? ಅದೇ ಸಾಲಿಗೆ ನಾಲ್ಕೂವರೆ ಗಂಟೆ ಬೇಕಾಗುತ್ತದೆ. ಒಬ್ಬೊಬ್ಬರ ಒಂದು ಸೆಕೆಂಡ್ ಸೇರಿ ಕೊನೆಯವನಿಗೆ ಒಂದೂವರೆ ಗಂಟೆಯಾಯಿತು. ಆ ಕೊನೆಯವಳು ಸಕ್ಕರೆ ಕಾಯಿಲೆಯ ಅಜ್ಜಿಯೂ ಆಗಿರಬಹುದು, ಕೈಗೂಸಿನ ತಾಯಿಯೂ ಆಗಿರಬಹುದು. ಒಳಗೆ ನಿಂತು "ಪುಢೇ ಚಲಾ, ಪುಢೇ ಚಲಾ" ಎಂದು ಕೂಗುವ ಸೇವಕರ ಮೇಲೆ ನಮಗೆ ಸಿಟ್ಟು ಬರುತ್ತದೆ. ಅವರು ಆ ಕೊನೆಯವರ ಪರವಾಗಿ ಕೂಗುತ್ತಿದ್ದಾರೆ ಎಂದು ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ವಿಷಯಕ್ಕೂ ಹಚ್ಚಿ ನೋಡಿ. ಊರಿನ ನೆಂಟರು ಕೇಳುವ ಎರಡನೆಯ ಪ್ರಶ್ನೆ ಯಾವುದು ಗೊತ್ತಲ್ಲ? "ಇಷ್ಟು ವರ್ಷದಿಂದ ಮುಂಬಯಿಯಲ್ಲಿದ್ದೀಯಲ್ಲ, ಒಳಗೆ ಯಾರದಾದರೂ ಪರಿಚಯ ಇಲ್ಲವೇನೋ?" ಇಲ್ಲ ಎಂದರೆ ನಮ್ಮ ಮರ್ಯಾದೆಗೆ ಒಂದು ಮಟ್ಟ ಕಡಿಮೆ. ಪಕ್ಕದ ಬಾಗಿಲಿನಿಂದ ಒಬ್ಬರು ಒಳಗೆ ಬಂದರೆ ಎರಡೇ ಸೆಕೆಂಡ್ ಎನ್ನಬಹುದು. ಆದರೆ ಅವರು ಬರುವಾಗ ಸಾಲನ್ನು ನಿಲ್ಲಿಸುತ್ತಾರೆ, ಅವರ ಜೊತೆ ಐದು ಜನ ಇರುತ್ತಾರೆ, ಅವರಿಗೆ ಮುಂದೆ ಹೋಗಿ ಎಂದು ಯಾರೂ ಕೂಗುವುದಿಲ್ಲ. ವಯಸ್ಸಾದವರಿಗೆ, ಅಂಗವಿಕಲರಿಗೆ, ಗರ್ಭಿಣಿಯರಿಗೆ, ಹಸುಗೂಸಿನ ತಾಯಂದಿರಿಗೆ ಬೇರೆ ದಾರಿ ಇರಬೇಕು. ಅದು ಅವರ ಹಕ್ಕು, ಕೇಳಲು ಸಂಕೋಚ ಬೇಡ. ಆದರೆ ಗಟ್ಟಿಮುಟ್ಟಾದ ನಾವು ಪರಿಚಯದ ಬಲದಿಂದ ನುಗ್ಗಿದರೆ, ಹಿಂದೆ ನಿಂತ ಯಾರದೋ ತಾಯಿಯ ಕಾಲುನೋವಿಗೆ ನಾವು ಕಾರಣರಾದಂತೆ. ವಿಘ್ನ ನಿವಾರಿಸು ಎಂದು ಕೇಳಲು ಹೋಗಿ ಇನ್ನೊಬ್ಬರಿಗೆ ವಿಘ್ನವಾಗುವುದು ಯಾವ ಪೂಜೆ?

ಇನ್ನು ಯಾವ ದಿನ ಹೋಗಬೇಕು ಎಂಬ ಮಾತು. ಸಿದ್ಧಿವಿನಾಯಕನಿಗೆ ಮಂಗಳವಾರ ವಿಶೇಷ. ಸೋಮವಾರ ರಾತ್ರಿಯೇ ಬೊರಿವಲಿ, ಕುರ್ಲಾ ಕಡೆಯಿಂದ ಬರಿಗಾಲಲ್ಲಿ ನಡೆದು ಬರುವವರಿದ್ದಾರೆ. ಅದರಲ್ಲೂ ಸಂಕಷ್ಟಿ ಮಂಗಳವಾರ ಬಂದರೆ ಅದು ಅಂಗಾರಕ ಸಂಕಷ್ಟಿ, ಇಲ್ಲಿಯವರ ಬಾಯಲ್ಲಿ ಅಂಗಾರಕಿ. ಆ ದಿನದ ಜನಸಾಗರವನ್ನು ಹೇಳಿ ತೀರದು. ಭಾದ್ರಪದದ ಚೌತಿ, ಮಾಘದ ಗಣೇಶ ಜಯಂತಿ, ಜನವರಿ ಒಂದು, ದೀಪಾವಳಿಯ ಪಾಡ್ಯ, ಇವೂ ಹಾಗೆಯೇ. ಇದರ ಮೇಲೆ ಶನಿವಾರ, ಭಾನುವಾರ.

ಹಾಗಾದರೆ ಉಳಿದದ್ದೇನು? ಬುಧವಾರ, ಗುರುವಾರ, ಶುಕ್ರವಾರ. ಅದರಲ್ಲೂ ಬೆಳಗಿನ ಆರತಿ ಮುಗಿದ ಮೇಲೆ, ಅಥವಾ ಮಧ್ಯಾಹ್ನದ ನೈವೇದ್ಯದ ಹೊತ್ತು ಕಳೆದ ಮೇಲೆ. ಆರತಿಯ ಹೊತ್ತಿಗೆ, ನೈವೇದ್ಯದ ಹೊತ್ತಿಗೆ ಸಾಲು ನಿಂತುಬಿಡುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಾಘದ ಗಣೇಶ ಜಯಂತಿಗೆ ಮೊದಲು, ಡಿಸೆಂಬರ್ ಅಥವಾ ಜನವರಿಯಲ್ಲಿ, ಮೂರ್ತಿಗೆ ಸಿಂಧೂರ ಲೇಪನ ನಡೆಯುತ್ತದೆ. ಆ ನಾಲ್ಕೈದು ದಿನ ಮೂಲಮೂರ್ತಿಯ ದರ್ಶನ ಇರುವುದಿಲ್ಲ, ಪ್ರತಿಮೂರ್ತಿಯ ದರ್ಶನ ಮಾತ್ರ. ಊರಿನವರು ಟಿಕೆಟ್ ತೆಗೆಸುವ ಮೊದಲೇ ಗುಡಿಗೆ ಫೋನು ಮಾಡಿ ತಾರೀಕು ಕೇಳಿಕೊಂಡರೆ, ಬಂದ ಮೇಲೆ ಮುಖ ಸಣ್ಣದು ಮಾಡಿಕೊಳ್ಳುವುದು ತಪ್ಪುತ್ತದೆ.

"ಆದರೆ ಮಂಗಳವಾರವೇ ಆಗಬೇಕು, ಹರಕೆ ಹೊತ್ತಿದ್ದೇನೆ" ಎನ್ನುವ ಹಿರಿಯರಿದ್ದಾರೆ. ಅವರ ಮಾತನ್ನು ತಳ್ಳಿಹಾಕಬೇಡಿ. ಆದರೆ ನಮ್ಮ ಬಿಲ್ಡಿಂಗಿನ ಒಂದು ಮನೆಯ ಕಥೆ ಅವರಿಗೆ ಹೇಳಿ. ಆ ಮನೆಗೆ ಹಾವೇರಿ ಕಡೆಯಿಂದ ಎಪ್ಪತ್ತಾರು ವರ್ಷದ ತಾಯಿ ಬಂದಿದ್ದರು. ರಜೆಯ ಒಂದು ಮಂಗಳವಾರ, ಮಗ, ಸೊಸೆ, ಮೊಮ್ಮಕ್ಕಳ ಜೊತೆ ಐದು ಗಂಟೆ ಸಾಲಿನಲ್ಲಿ ನಿಂತರು. ಮುಂದೆ ಎತ್ತರದವರು, ಹಿಂದಿನಿಂದ ನೂಕು, ತಲೆಯೆತ್ತುವಷ್ಟರಲ್ಲಿ ಮೂರ್ತಿ ದಾಟಿ ಹೋಗಿತ್ತು. ಮನೆಗೆ ಬಂದು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತವರು ಮೆಲ್ಲಗೆ ಕೇಳಿದರಂತೆ: "ಯಪ್ಪಾ, ನಾ ದೇವರನ್ನ ನೋಡಿದ್ನೋ, ದೇವರ ಮುಂದ ಇದ್ದ ಮಂದೀನ್ನ ನೋಡಿದ್ನೋ?" ಮಗ ಮಾತಾಡಲಿಲ್ಲ. ಆ ವಾರ ರಜೆ ಹಾಕಿ ಗುರುವಾರ ಮಧ್ಯಾಹ್ನ ತಾಯಿಯೊಬ್ಬರನ್ನೇ ಕರೆದುಕೊಂಡು ಮತ್ತೆ ಹೋದ. ಹಿರಿಯರ ಸಾಲಿನಲ್ಲಿ ಬೇಗ ಒಳಗೆ ಹೋದರು. ಆ ತಾಯಿ ಕಣ್ತುಂಬ ನೋಡಿದರು, ಕೈಮುಗಿದರು, ಅಲ್ಲಿದ್ದವರು ಆತುರಪಡಿಸಲಿಲ್ಲ. ಹರಕೆ ದೇವರಿಗೆ, ವಾರ ನಮಗೆ. ದೇವರು ಗುರುವಾರವೂ ಅಲ್ಲೇ ಇರುತ್ತಾನೆ.

ಕೇಳುಗರೇ, ಈಗ ಹೇಳುವ ವಿಷಯ ಸ್ವಲ್ಪ ಗಂಭೀರವಾದದ್ದು. ಹಬ್ಬದ ಮಾತಿನ ಮಧ್ಯೆ ಇದು ಬೇಕೇ ಎಂದು ಕೇಳಬೇಡಿ. ಹಬ್ಬದ ದಿನಗಳಲ್ಲೇ ಇದು ಬೇಕು.

2005ರ ಜನವರಿ 25ರಂದು ಸಾತಾರಾ ಜಿಲ್ಲೆಯ ವಾಯಿ ಹತ್ತಿರ ಮಾಂಢರದೇವಿಯ ಬೆಟ್ಟದಲ್ಲಿ ಸುಮಾರು 300 ಜನ ಸತ್ತರು. ಒಡೆದ ತೆಂಗಿನಕಾಯಿಯ ನೀರಿನಿಂದ ಮೆಟ್ಟಿಲು ಜಾರುತ್ತಿತ್ತು, ಕೆಲವರು ಬಿದ್ದರು, ಅವರ ಮೇಲೆ ಉಳಿದವರು. 2008ರ ಸೆಪ್ಟೆಂಬರ್ 30, ನವರಾತ್ರಿಯ ಮೊದಲ ದಿನ, ಜೋಧಪುರದ ಕೋಟೆಯ ಚಾಮುಂಡಾ ಗುಡಿಯಲ್ಲಿ 200ಕ್ಕೂ ಹೆಚ್ಚು ಜನ. 2025ರ ಜನವರಿ 8ರಂದು ತಿರುಪತಿಯಲ್ಲಿ ಆರು ಜನ. ಅದೂ ಬೆಟ್ಟದ ಮೇಲಲ್ಲ, ಕೆಳಗೆ ಪಟ್ಟಣದಲ್ಲಿ, ವೈಕುಂಠ ಏಕಾದಶಿಯ ಟೋಕನ್ ಪಡೆಯಲು ಕಾಯುತ್ತಿದ್ದಾಗ. ಅದೇ ವರ್ಷ ಜುಲೈ 27ರಂದು ಹರಿದ್ವಾರದ ಮನಸಾದೇವಿಯ ಮೆಟ್ಟಿಲುಗಳಲ್ಲಿ ಮತ್ತೆ ಇದೇ. ವಿದ್ಯುತ್ ತಗಲಿತು ಎಂಬ ಗಾಳಿಮಾತು ಹಬ್ಬಿ ಜನ ಓಡಿದರು. ದೇವಸ್ಥಾನಕ್ಕೇ ಇದು ಸೀಮಿತವಲ್ಲ. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜೀವ ಹೋದದ್ದನ್ನು ಯಾರು ಮರೆತಾರು?

ಸಿದ್ಧಿವಿನಾಯಕನಿಗೆ ಹೋಗುವ ದಾರಿಯಲ್ಲೇ ನಮ್ಮ ಮುಂಬಯಿಯವರದೂ ಒಂದು ನೆನಪಿದೆ. ಇಂದಿನ ಪ್ರಭಾದೇವಿ ಸ್ಟೇಷನ್ನಿನ ಹಳೆಯ ಹೆಸರು ಎಲ್ಫಿನ್‌ಸ್ಟನ್ ರೋಡ್. 2018ರಲ್ಲಿ ಹೆಸರು ಬದಲಾಯಿತು. 2017ರ ಸೆಪ್ಟೆಂಬರ್ 29, ದಸರೆಯ ಹಿಂದಿನ ದಿನ ಬೆಳಿಗ್ಗೆ, ಜೋರು ಮಳೆ. ಸ್ಟೇಷನ್ನಿನ ಕಿರಿದಾದ ಪಾದಚಾರಿ ಸೇತುವೆಯ ಮೇಲೆ ಮಳೆಗೆ ನಿಂತವರು, ಕೆಲಸಕ್ಕೆ ಹೊರಟವರು, ಹಬ್ಬಕ್ಕೆ ಹೂ ಹೊತ್ತವರು. ಯಾರದೋ ಹೂವಿನ ಮೂಟೆ ಬಿತ್ತು, "ಫೂಲ್ ಗಿರ್ ಗಯಾ" ಎಂದು ಕೂಗಿದ್ದು ಜನರ ಕಿವಿಗೆ "ಪೂಲ್ ಗಿರ್ ಗಯಾ", ಸೇತುವೆ ಬಿತ್ತು ಎಂದು ಕೇಳಿಸಿತು ಎಂದು ಬದುಕಿ ಬಂದವರು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. 23 ಜನ ಮನೆಗೆ ಮರಳಲಿಲ್ಲ. ಮುಂದೆ ಸೈನ್ಯದವರು ಬಂದು ಹೊಸ ಸೇತುವೆ ಕಟ್ಟಿಕೊಟ್ಟರು, 2018ರ ಫೆಬ್ರವರಿಯಲ್ಲಿ ಅದು ತೆರೆಯಿತು. ಒಂದು ಅಕ್ಷರದ ವ್ಯತ್ಯಾಸ ನೋಡಿ, ಹೂವು ಸೇತುವೆಯಾಯಿತು. ಈ ಊರಿನ ಭಾಷೆಯಲ್ಲೇ ಹುಟ್ಟಿಬೆಳೆದವರಿಗೆ ಹೀಗಾದರೆ, ಹಿಂದಿ, ಮರಾಠಿ ಬಾರದ ನಮ್ಮ ಅಜ್ಜ, ಅಜ್ಜಿಯರ ಗತಿ ಏನು?

ಇಂಥ ಘಟನೆಯನ್ನು ನಾವು ಕಾಲ್ತುಳಿತ ಎನ್ನುತ್ತೇವೆ. ಜನಸಂದಣಿಯನ್ನು ಅಭ್ಯಾಸ ಮಾಡಿದವರು ಹೇಳುವುದು ಬೇರೆ. ಸಾಯುವವರಲ್ಲಿ ಬಹಳ ಜನ ತುಳಿತದಿಂದ ಸಾಯುವುದಿಲ್ಲ, ಉಸಿರುಗಟ್ಟಿ ಸಾಯುತ್ತಾರೆ. ನಾಲ್ಕೂ ಕಡೆಯ ಒತ್ತಡಕ್ಕೆ ಎದೆ ಹಿಗ್ಗಲು ಜಾಗವಿರುವುದಿಲ್ಲ, ನಿಂತಲ್ಲೇ ಪ್ರಾಣ ಹೋಗುತ್ತದೆ. ಒಂದು ಚದರ ಮೀಟರ್ ಅಂದರೆ ದೊಡ್ಡ ಕೇರಂ ಬೋರ್ಡಿಗಿಂತ ಸ್ವಲ್ಪ ಹೆಚ್ಚಿನ ಜಾಗ. ಅಷ್ಟರಲ್ಲಿ ಮೂರು, ನಾಲ್ಕು ಜನ ಇರುವವರೆಗೆ ನಮ್ಮ ಕಾಲು ನಮ್ಮ ಮಾತು ಕೇಳುತ್ತದೆ. ಐದು ದಾಟಿದರೆ ಎಚ್ಚರ. ಆರೇಳು ಜನ ತುಂಬಿದರೆ ಗುಂಪು ನೀರಿನ ಹಾಗೆ ಅಲೆಯಾಡತೊಡಗುತ್ತದೆ, ಆಗ ಯಾರು ಎಷ್ಟೇ ಬಲಶಾಲಿಯಾದರೂ ತನ್ನ ದಿಕ್ಕು ತಾನು ಆರಿಸಲಾರ. ಹಿಂದಿನವನಿಗೆ ಮುಂದೆ ಏನಾಗಿದೆ ಎಂದು ಕಾಣುವುದಿಲ್ಲ. "ಮುಂದೆ ಜಾಗ ಇದೆ" ಎಂದುಕೊಂಡು ಒಂದು ಹೆಜ್ಜೆ ಒತ್ತುತ್ತಾನೆ. ಕೆಟ್ಟ ಮನಸ್ಸಿನವರು ಯಾರೂ ಬೇಕಿಲ್ಲ, ಸಾವಿರ ಒಳ್ಳೆಯವರು ಒಂದೊಂದು ಹೆಜ್ಜೆ ಒತ್ತಿದರೆ ಸಾಕು.

ಆದ್ದರಿಂದ ಗುರುತು ಹಿಡಿಯುವುದನ್ನು ಕಲಿಯೋಣ. ಕೈಯೆತ್ತಿ ಮುಖ ಒರೆಸಿಕೊಳ್ಳಲು ಆಗುತ್ತಿದೆಯೇ? ಆಗುತ್ತಿದ್ದರೆ ಸರಿ. ಎರಡೂ ಭುಜಕ್ಕೆ ಬೇರೆಯವರು ತಾಗಿ, ಕೈ ಮೇಲೆತ್ತಲು ಕಷ್ಟವಾದರೆ ಅದೇ ಹೊರಗೆ ಬರುವ ಹೊತ್ತು. ದರ್ಶನ ಇನ್ನೊಂದು ದಿನ ಮಾಡಿದರಾಯಿತು. ಹೊರಬರುವಾಗ ನೇರ ಹಿಂದಕ್ಕೆ ತಿರುಗಿ ಗುಂಪಿಗೆ ಎದುರಾಗಬೇಡಿ. ಅಲೆಯ ಒತ್ತಡ ಸಡಿಲವಾದಾಗ ಓರೆಯಾಗಿ, ಅಂಚಿನ ಕಡೆಗೆ ಸರಿಯಿರಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಹಿಡಿದರೆ ಉಸಿರಿಗೆ ಜಾಗ ಸಿಗುತ್ತದೆ. ಮಗುವನ್ನು ಮೇಲೆತ್ತಿಕೊಳ್ಳಿ. ಚಪ್ಪಲಿ, ಮೊಬೈಲು, ಕುಂಕುಮದ ಪೊಟ್ಟಣ ಏನೇ ಬಿದ್ದರೂ ಬಗ್ಗಬೇಡಿ. ಹತ್ತಿರ ಯಾರಾದರೂ ಬಿದ್ದರೆ ತಕ್ಷಣ ಕೈಕೊಟ್ಟು ಎಬ್ಬಿಸಿ, ಹಿಂದಿನವರಿಗೆ ನಿಲ್ಲಿ ಎಂದು ಕೂಗಿ ಹೇಳಿ. ಗೋಡೆಯ ಮಗ್ಗುಲು, ಕಬ್ಬಿಣದ ಕಟಕಟೆ, ಮೆಟ್ಟಿಲಿನ ತುದಿ, ಆಗಷ್ಟೇ ತೆರೆದ ಬಾಗಿಲು, ಇವುಗಳ ಹತ್ತಿರ ಒತ್ತಡ ಹೆಚ್ಚು. ಅಲ್ಲಿ ನಿಲ್ಲಬೇಡಿ. ಏನೋ ಆಯಿತಂತೆ ಎಂಬ ಕೂಗು ಕೇಳಿದರೆ ಓಡಬೇಡಿ, ಆ ಮಾತನ್ನು ಮುಂದೆ ದಾಟಿಸಬೇಡಿ. ಸಹಾಯಕ್ಕೆ 112 ನಂಬರು ನೆನಪಿರಲಿ.

ಹಿರಿಯರಿಗೆ ಮನೆಯಲ್ಲೇ ಹಿಂದಿನ ರಾತ್ರಿ ನಾಲ್ಕು ಮರಾಠಿ ಮಾತು ಹೇಳಿಕೊಡಿ. ಪುಢೇ ಚಲಾ, ಮುಂದೆ ನಡೆಯಿರಿ. ಥಾಂಬಾ, ನಿಲ್ಲಿ. ಮಾಗೇ ಸರಕಾ, ಹಿಂದೆ ಸರಿಯಿರಿ. ಢಕಲೂ ನಕಾ, ನೂಕಬೇಡಿ. ಈ ಕೊನೆಯದನ್ನು ಅಜ್ಜಿಯ ಬಾಯಲ್ಲೇ ಅನ್ನಿಸಿ ನೋಡಿ. ಮೊಮ್ಮಕ್ಕಳು ನಕ್ಕು ನಕ್ಕು ಸುಸ್ತಾಗುತ್ತಾರೆ, ಆದರೆ ಸಾಲಿನಲ್ಲಿ ಒಬ್ಬ ಮುದುಕಿ "ಢಕಲೂ ನಕಾ, ಬಾಬಾ" ಎಂದರೆ ಹಿಂದಿನವನು ಖಂಡಿತ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಮುಂಬಯಿಯವರು ಅವಸರದವರು ನಿಜ, ಕಲ್ಲುಮನಸ್ಸಿನವರಲ್ಲ.

ಹೊರಡುವ ದಿನದ ತಯಾರಿಯ ಬಗ್ಗೆ ಕೆಲವು ಮಾತು. ಪ್ರತಿಯೊಬ್ಬ ಹಿರಿಯರ, ಪ್ರತಿಯೊಂದು ಮಗುವಿನ ಜೇಬಿನಲ್ಲಿ ಮನೆಯ ವಿಳಾಸ ಮತ್ತು ಎರಡು ಫೋನ್ ನಂಬರ್ ಬರೆದ ಚೀಟಿ ಇರಲಿ. ಕನ್ನಡದಲ್ಲಿ ಬರೆದರೆ ಇಲ್ಲಿನ ಪೋಲೀಸರಿಗೆ ಓದಲು ಬಾರದು, ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯಿರಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಮೊದಲೇ ತೋರಿಸಿ. "ಗುಡಿಯ ಮುಂದೆ" ಎಂದರೆ ಸಾಲದು, ಗುಡಿಯ ಮುಂದೆ ಊರೇ ಇರುತ್ತದೆ. ಯಾವುದಾದರೂ ಒಂದು ಅಂಗಡಿಯನ್ನೋ, ಬಸ್ ಸ್ಟಾಪನ್ನೋ ಗುರುತು ಮಾಡಿ. ಬಿ.ಪಿ., ಸಕ್ಕರೆಯ ಮಾತ್ರೆ, ನೀರು, ನಾಲ್ಕು ಬಿಸ್ಕತ್ತು ಜೊತೆಗಿರಲಿ. ದರ್ಶನವಾಗುವವರೆಗೆ ಉಪವಾಸ ಎನ್ನುವವರಿಗೆ ಹಾಲೋ ಹಣ್ಣೋ ಕೊಡಿಸಿ, ಸಕ್ಕರೆ ಕಾಯಿಲೆಯವರಿದ್ದರೆ ಉಪವಾಸದ ಮಾತು ಮೊದಲು ಡಾಕ್ಟರ ಹತ್ತಿರ ಆಗಲಿ. ಮನೆಯಿಂದ ಹೊರಡುವ ಮೊದಲು ಶೌಚಕ್ಕೆ ಹೋಗಿ ಬರುವುದು ಹೇಳಲು ಚಿಕ್ಕ ಮಾತು, ಮೂರು ಗಂಟೆಯ ಸಾಲಿನಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಎಷ್ಟೋ ಹೆಂಗಸರು ಈ ಒಂದು ಭಯಕ್ಕೆ ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಆಮೇಲೆ ತಲೆಸುತ್ತಿ ಬೀಳುತ್ತಾರೆ.

ದೊಡ್ಡ ಚೀಲ ಒಯ್ಯಬೇಡಿ, ತಪಾಸಣೆ ಬಿಗಿಯಾಗಿರುತ್ತದೆ. ಬಟ್ಟೆ ಮೈಮುಚ್ಚುವಂತಿರಲಿ, 2025ರ ಜನವರಿಯಲ್ಲಿ ಗುಡಿಯವರು ಉಡುಪಿನ ನಿಯಮ ತಂದಿದ್ದಾರೆ. ಹೊರಗೆ ಕಾಲಿಟ್ಟ ಕೂಡಲೇ ಹೂಕಾಯಿಯ ಬುಟ್ಟಿ ಹಿಡಿದು "ಇಲ್ಲೇ ಚಪ್ಪಲಿ ಬಿಡಿ, ಬೇಗ ದರ್ಶನ ಮಾಡಿಸುತ್ತೇವೆ" ಎನ್ನುವವರು ಸುತ್ತುವರಿಯುತ್ತಾರೆ. ಬುಟ್ಟಿಗೆ ಎಷ್ಟು ಎಂದು ಮೊದಲೇ ಕೇಳಿ, ಬೇಗದ ಮಾತಿಗೆ ಮರುಳಾಗಬೇಡಿ. ಅದಕ್ಕಿಂತ ಮೊದಲು, ಕಾಯಿ, ಹಾರ ಒಳಗೆ ಬಿಡುತ್ತಾರೆಯೇ ಎಂದು ಬಾಗಿಲಲ್ಲಿ ವಿಚಾರಿಸಿ. 2025ರ ಮೇ ತಿಂಗಳಲ್ಲಿ ಭದ್ರತೆಯ ಕಾರಣಕ್ಕೆ ಅವನ್ನು ತರಬೇಡಿ ಎಂದಿದ್ದರು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಕೈಯಲ್ಲಿ ಒಂದು ಹಿಡಿ ಗರಿಕೆ ಇದ್ದರೂ ಗಣಪತಿಗೆ ಕಡಿಮೆಯೇನಲ್ಲ, ಅದೂ ಬೇಡವೆಂದರೆ ಬರಿಗೈ ಮುಗಿದರೂ ಆಯಿತು.

ದಾರಿಯ ವಿಷಯ. ಮೊದಲು ದಾದರಿನಲ್ಲಿಳಿದು ಟ್ಯಾಕ್ಸಿಗೆ ಜಗಳವಾಡಬೇಕಿತ್ತು. 2025ರ ಮೇಯಿಂದ ಮೂರನೇ ಮೆಟ್ರೋ ಮಾರ್ಗದಲ್ಲಿ ಸಿದ್ಧಿವಿನಾಯಕ ಎಂಬ ಹೆಸರಿನದೇ ಸ್ಟೇಷನ್ ಇದೆ. ಲಿಫ್ಟು, ಚಲಿಸುವ ಮೆಟ್ಟಿಲು ಇರುವುದರಿಂದ ಮಂಡಿನೋವಿನವರಿಗೆ ಇದೇ ಸುಖ. ಚಲಿಸುವ ಮೆಟ್ಟಿಲಿನ ಅಭ್ಯಾಸವಿಲ್ಲದ, ಸೀರೆಯುಟ್ಟ ಹಿರಿಯರನ್ನು ಲಿಫ್ಟಿನಲ್ಲೇ ಕರೆದೊಯ್ಯಿರಿ. ಪರೇಲ್ ಕಡೆಯಿಂದ ಟ್ಯಾಕ್ಸಿಯಲ್ಲಿ ಬರುವವರು ಗಮನಿಸಬೇಕಾದದ್ದು, ಹಳೆಯ ಎಲ್ಫಿನ್‌ಸ್ಟನ್ ಮೇಲ್ಸೇತುವೆಯನ್ನು ಹೊಸದಾಗಿ ಕಟ್ಟುವುದಕ್ಕಾಗಿ 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು. ಹೀಗಾಗಿ ದಾರಿ ವಿಚಾರಿಸಿಕೊಂಡು, ಕೈಯಲ್ಲಿ ಹೆಚ್ಚು ಸಮಯ ಇಟ್ಟುಕೊಂಡು ಹೊರಡಿ.

ಸಾಲು ಬಹಳ ಉದ್ದವಿದ್ದರೆ ಇನ್ನೊಂದು ಉಪಾಯವಿದೆ, ಮುಖದರ್ಶನ. ಗರ್ಭಗುಡಿಯ ಹತ್ತಿರ ಹೋಗದೆ ಸ್ವಲ್ಪ ದೂರದಿಂದಲೇ ಮೂರ್ತಿಯ ಮುಖ ನೋಡಿ ಬರುವ ಸಾಲು. ಅದು ಬೇಗ ಮುಂದೆ ಸಾಗುತ್ತದೆ. ಹತ್ತಿರ ಹೋಗಲಿಲ್ಲವಲ್ಲ ಎಂಬ ಕೊರಗು ನಮ್ಮವರಿಗೆ ಇರುತ್ತದೆ. 2020ರ ಮಾರ್ಚಿನಲ್ಲಿ ಕೊರೋನಾದಿಂದ ಬಾಗಿಲು ಮುಚ್ಚಿದಾಗ ಎಂಟು ತಿಂಗಳು ಯಾರಿಗೂ ದೂರದಿಂದಲೂ ದರ್ಶನವಿರಲಿಲ್ಲ. ದೀಪಾವಳಿಯ ಪಾಡ್ಯ, ನವೆಂಬರ್ 16ಕ್ಕೆ ಮಹಾರಾಷ್ಟ್ರದ ಗುಡಿಗಳು ತೆರೆದವು. ಮರುವರ್ಷ ಮತ್ತೆ ಮುಚ್ಚಿ, ಅಕ್ಟೋಬರ್ 7ರಂದು, ನವರಾತ್ರಿಯ ಮೊದಲ ದಿನ ತೆರೆದವು. ಆ ದಿನಗಳಲ್ಲಿ ಟಿ.ವಿ.ಯ ಮುಂದೆ, ಫೋನಿನ ಪರದೆಯ ಮುಂದೆ ದೀಪ ಹಚ್ಚಿ ಆರತಿ ನೋಡಿದವರು ನಮ್ಮಲ್ಲೇ ಎಷ್ಟು ಜನ! ಅವರ ಭಕ್ತಿ ಕಡಿಮೆಯಾಯಿತೇ?

ಗುಡಿಯಿಂದ ಹೊರಬಂದ ಮೇಲೆ ತಕ್ಷಣ ಟ್ಯಾಕ್ಸಿ ಹುಡುಕಬೇಡಿ. ಈ ಬಡಾವಣೆಗೆ ಪ್ರಭಾದೇವಿ ಎಂಬ ಹೆಸರು ಬಂದದ್ದು ಅಲ್ಲೇ ಹತ್ತಿರವಿರುವ ಪ್ರಭಾವತಿ ದೇವಿಯ ಹಳೆಯ ಗುಡಿಯಿಂದ. ಸಿದ್ಧಿವಿನಾಯಕನಿಗಿಂತ ಹಿರಿಯಳು ಈಕೆ. ಸಾಮಾನ್ಯ ದಿನಗಳಲ್ಲಿ ಅಲ್ಲಿ ಸಾಲಿಲ್ಲ, ಕೂಗಾಟವಿಲ್ಲ. ಹಿರಿಯರನ್ನು ಅಲ್ಲಿ ಹತ್ತು ನಿಮಿಷ ಕೂರಿಸಿ. ಊರಿನ ದೇವಿಗುಡಿಯ ಜಗಲಿಯ ಮೇಲೆ ಕೂತ ಹಾಗೆ ಅವರಿಗೆ ಅನ್ನಿಸುತ್ತದೆ. ಆಮೇಲೆ ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಬಿಸಿ ಇಡ್ಲಿ, ಒಂದು ಲೋಟ ಕಾಫಿ. ಬಹಳ ಜನ ಹಿರಿಯರು ಊರಿಗೆ ಹೋಗಿ ಹೇಳಿಕೊಳ್ಳುವುದು ಈ ಎರಡನ್ನೂ ಸೇರಿಸಿಯೇ.

ಕೊನೆಯದಾಗಿ ಒಂದು ಮಾತು. ಹಳ್ಳಿಯ ಗುಡಿಯಲ್ಲಿ ದೇವರೂ ನಾವೂ ಇಬ್ಬರೇ ಇರುತ್ತೇವೆ, ಮಧ್ಯೆ ಪೂಜಾರಿಯೊಬ್ಬರು. ಮಹಾನಗರದ ಗುಡಿಯಲ್ಲಿ ದೇವರಿಗೂ ನಮಗೂ ಮಧ್ಯೆ ಐದು ಸಾವಿರ ಜನ ಇರುತ್ತಾರೆ. ಅವರನ್ನು ಅಡ್ಡಿ ಎಂದುಕೊಂಡರೆ ಸಾಲು ಬಹಳ ಉದ್ದ. ಒಬ್ಬೊಬ್ಬರೂ ಒಂದೊಂದು ಸಂಕಟ ಹೊತ್ತು ಬಂದಿದ್ದಾರೆ, ಮಗಳ ಮದುವೆ, ಮಗನ ಪರೀಕ್ಷೆ, ಆಸ್ಪತ್ರೆಯಲ್ಲಿರುವ ಗಂಡ. ಎರಡು ನೂರು ವರ್ಷಗಳ ಹಿಂದೆ ದೇವೂಬಾಯಿಯೂ ಅಂಥದೇ ಒಂದನ್ನು ಹೊತ್ತಿದ್ದವಳು, ಆದರೆ ಕೇಳಿದ್ದು ಬೇರೆಯವರಿಗಾಗಿ. ಮುಂದಿನವರಿಗೆ ಒಂದು ಹೆಜ್ಜೆ ಜಾಗ ಬಿಡುವುದು, ಹಿಂದಿನವರಿಗೆ ಒಂದು ಸೆಕೆಂಡ್ ಉಳಿಸಿಕೊಡುವುದು, ಆಯಾಸಗೊಂಡ ಪರಿಚಯವಿಲ್ಲದ ಅಜ್ಜಿಗೆ ಒಂದು ಗುಟುಕು ನೀರು ಕೊಡುವುದು, ಇವೂ ಆ ಗುಡಿಯ ಸೇವೆಯೇ. ಇದಕ್ಕೆ ರಸೀದಿ ಹರಿಸಬೇಕಾಗಿಲ್ಲ.

ಈ ರಜೆಯಲ್ಲಿ ನಿಮ್ಮ ಮನೆಗೆ ಬಂದ ಹಿರಿಯರಿಗೆ ಕಣ್ತುಂಬ ದರ್ಶನವಾಗಲಿ, ಹೋದವರೆಲ್ಲ ಕ್ಷೇಮವಾಗಿ ಮನೆಗೆ ಬರಲಿ.